ದಂತಕವಚವೂ ಆಘಾತದ ಅಳತೆಯೂ

೧

ಮುಷ್ಟಿಯುದ್ಧ, ರಗ್ಬಿ, ಹಾಕಿ ಮೊದಲಾದ ಆಟಗಳಲ್ಲಿ ಆಟಗಾರರು ಮೇಲುದವಡೆಯ ಹಲ್ಲುಗಳಿಗೆ ತೊಡಿಸಿಕೊಳ್ಳುವ ಮೆತ್ತನೆಯ ಪೊರೆಯೊಂದುಂಟು. ಕ್ರೀಡಾಂಗಣದಲ್ಲಿ ಅದನ್ನು ಮೌತ್‌ಗಾರ್ಡ್ ಎನ್ನುತ್ತಾರೆ. ಪ್ರಕೃತ ಲೇಖನದಲ್ಲಿ ದಂತಕವಚವೆಂದು ಕರೆಯೋಣ. ಅಂಗೈಯಲ್ಲಿ ಅಡಗಿಹೋಗುವ ಈ ಸಣ್ಣ ವಸ್ತುವಿಗೆ ಸುಮಾರು ನೂರಮೂವತ್ತು ವರ್ಷಗಳ ಚರಿತ್ರೆಯಿದೆ. ರಾಜವಂಶಗಳ, ಶಾಸನಗಳ, ದಂಡಯಾತ್ರೆಗಳ ಚರಿತ್ರೆಗೆ ಒಗ್ಗಿದ ನಮ್ಮ ಕಣ್ಣಿಗೆ ಇದು ಅಲ್ಪವಿಷಯವೆಂದು ತೋರಬಹುದು. ಆದರೆ ಮನುಷ್ಯನು ಒಂದು ಪೆಟ್ಟನ್ನು ಅಳೆಯಲು ಹೇಗೆ ಕಲಿತನು, ಆ ಅಳತೆಯಿಂದ ಬಂದ ಅಂಕಿಯನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬುದನ್ನು ಹೇಗೆ ಅರಿತನು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ದೃಷ್ಟಾಂತಗಳು ವಿರಳ.

ದಂತಕವಚವನ್ನು ಕೊಳ್ಳಹೋದವನಿಗೆ ಸಹಜವಾಗಿ ಹುಟ್ಟುವ ಪ್ರಶ್ನೆ ಒಂದೇ: ಇದು ಪೆಟ್ಟಿನಲ್ಲಿ ಎಷ್ಟು ಪಾಲನ್ನು ಹೀರಿಕೊಳ್ಳುತ್ತದೆ? ಶೇಕಡಾ ಇಷ್ಟು ಎಂಬ ಉತ್ತರ ದೊರೆತರೆ ಅವನಿಗೆ ಸಮಾಧಾನ. ಆದರೆ ಆ ಶೇಕಡಾಂಶವು ಪೊರೆಯ ಗುಣವೊಂದನ್ನೇ ಹೇಳುವುದಿಲ್ಲ. ಪೆಟ್ಟು ಕೊಟ್ಟ ವಸ್ತು, ಪೊರೆಯ ದಪ್ಪ, ಅಳೆದ ಉಪಕರಣ, ಅಳೆದ ಸ್ಥಳ, ಇವೆಲ್ಲ ಸೇರಿ ಆ ಅಂಕಿಯನ್ನು ನಿರ್ಮಿಸುತ್ತವೆ ಎಂಬುದೇ ಈ ಲೇಖನದ ಪ್ರತಿಪಾದ್ಯ. ಈ ಮಾತನ್ನು ತರ್ಕದಿಂದ ಸಾಧಿಸುವುದಕ್ಕಿಂತ ಚರಿತ್ರೆಯ ಕ್ರಮದಲ್ಲಿ ನೋಡುವುದು ಮೇಲು. ಏಕೆಂದರೆ ಪ್ರತಿಯೊಂದು ತಲೆಮಾರೂ ತನ್ನ ಕಾಲದ ಪ್ರಶ್ನೆಯನ್ನೇ ಈ ಪೊರೆಗೆ ಕೇಳಿತು. ಪ್ರಶ್ನೆ ಬದಲಾದಂತೆಲ್ಲ ಉತ್ತರವೂ ಬದಲಾಯಿತು.

೨

ದಂತಕವಚದ ಜನ್ಮಸ್ಥಳ ಲಂಡನ್ ನಗರ. ಕಾಲ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕ. ಅಲ್ಲಿ ವುಲ್ಫ್ ಕ್ರೌಸ್ ಎಂಬ ದಂತವೈದ್ಯನು ಮುಷ್ಟಿಯುದ್ಧದ ಕಣಕ್ಕೆ ಇಳಿಯುವವರ ಮುಂಬಲ್ಲುಗಳ ಮೇಲೆ ಗಟಾಪರ್ಚಾ ಎಂಬ ದ್ರವ್ಯದ ಪಟ್ಟಿಗಳನ್ನು ಅಂಟಿಸಿ ಕಳುಹಿಸುತ್ತಿದ್ದನು. ಗಟಾಪರ್ಚಾ ಎಂಬುದು ಮಲಯ ದೇಶದ ಮರಗಳಿಂದ ಒಸರುವ ಹಾಲು. ಬಿಸಿನೀರಿನಲ್ಲಿ ಮೆತ್ತಗಾಗಿ ಬೇಕಾದ ಆಕಾರ ತಾಳುತ್ತದೆ, ತಣಿದಾಗ ಗಟ್ಟಿಯಾಗುತ್ತದೆ. ಸಮುದ್ರದ ತಳದಲ್ಲಿ ಹಾಸಿದ ತಂತಿಗಳಿಗೆ ಹೊದಿಕೆಯಾಗಿಯೂ ಗಾಲ್ಫ್ ಆಟದ ಚೆಂಡಾಗಿಯೂ ಹಲ್ಲಿನ ಕುಳಿ ತುಂಬುವ ಸಾಮಗ್ರಿಯಾಗಿಯೂ ಆ ಶತಮಾನದಲ್ಲಿ ಅದಕ್ಕೆ ಬಹಳ ಬಳಕೆಯಿದ್ದಿತು. ದಂತವೈದ್ಯನ ಮೇಜಿನ ಮೇಲೆ ಸದಾ ಸಿದ್ಧವಾಗಿದ್ದ ವಸ್ತುವೇ ಕಣದೊಳಕ್ಕೂ ಹೋಯಿತೆಂದು ತಿಳಿಯಬೇಕು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಕ್ರೌಸನ ಉದ್ದೇಶ ಪೆಟ್ಟನ್ನು ಹೀರುವುದಾಗಿರಲಿಲ್ಲ. ಎದುರಾಳಿಯ ಮುಷ್ಟಿ ಬಾಯಿಗೆ ಬಿದ್ದಾಗ ತುಟಿಯು ಹಲ್ಲಿನ ಅಂಚಿಗೆ ಸಿಕ್ಕಿ ಸೀಳುತ್ತಿದ್ದಿತು. ಹಾಗೆ ಸೀಳಿದ ತುಟಿಯಿಂದ ರಕ್ತ ಸುರಿದು ಪಂದ್ಯವೇ ನಿಲ್ಲುತ್ತಿದ್ದುದುಂಟು. ಆ ಅಂಚನ್ನು ಮುಚ್ಚುವುದಷ್ಟೇ ಗಟಾಪರ್ಚಾ ಪಟ್ಟಿಯ ಕೆಲಸ. ಅರ್ಥಾತ್, ಮೊದಲ ದಂತಕವಚವು ಕಾಪಾಡಿದ್ದು ಹಲ್ಲನ್ನಲ್ಲ, ಹಲ್ಲಿನಿಂದ ತುಟಿಯನ್ನು. ಈ ಕೆಲಸಕ್ಕೆ ಪರೀಕ್ಷೆಯ ಅಗತ್ಯವೂ ಇರಲಿಲ್ಲ. ತುಟಿ ಸೀಳಿತೇ ಇಲ್ಲವೇ ಎಂಬುದನ್ನು ಕಣ್ಣೇ ಹೇಳುತ್ತಿದ್ದಿತು.

ವುಲ್ಫ್ ಕ್ರೌಸನ ಮಗ ಫಿಲಿಪ್ ಕ್ರೌಸನೂ ದಂತವೈದ್ಯ. ಮೇಲಾಗಿ ತಾನೇ ಹವ್ಯಾಸಿ ಮುಷ್ಟಿಯೋಧ. ಅಂಟಿಸಿ ಕೀಳುವ ಪಟ್ಟಿಗೆ ಬದಲು, ತೆಗೆದು ಮತ್ತೆ ತೊಡಬಹುದಾದ ರಬ್ಬರಿನ ಕವಚವನ್ನು ಮಾಡಿದ ಕೀರ್ತಿ ಇವನಿಗೆ ಸಲ್ಲುತ್ತದೆ. ಅದನ್ನು ಧರಿಸಿ ಪ್ರಸಿದ್ಧಿಗೆ ತಂದವನು ಲಂಡನ್ನಿನ ಈಸ್ಟ್ ಎಂಡಿನಲ್ಲಿ ಬೆಳೆದ ವೆಲ್ಟರ್‌ವೇಟ್ ವೀರ ಟೆಡ್ 'ಕಿಡ್' ಲೂಯಿಸ್. ೧೯೨೧ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಜ್ಯಾಕ್ ಬ್ರಿಟನ್ನನೊಡನೆ ಅವನು ಸೆಣಸಿದಾಗ, ಬಾಯಲ್ಲಿರುವುದು ನಿಯಮಬಾಹಿರವಾದ ವಸ್ತುವೆಂದು ಬ್ರಿಟನ್ನನ ಕಡೆಯವರು ಆಕ್ಷೇಪವೆತ್ತಿದರು. ಲೂಯಿಸನು ಅದನ್ನು ತೆಗೆಯಬೇಕಾಯಿತು. ರಕ್ಷಣೆಯನ್ನೇ ಅನ್ಯಾಯದ ಅನುಕೂಲವೆಂದು ಎಣಿಸಿದ ಕಾಲವದು.

ಆರು ವರ್ಷಗಳ ತರುವಾಯ ಅದೇ ನಗರದಲ್ಲಿ ಈ ನಿಲುವು ತಿರುಗಿತು. ೧೯೨೭ರಲ್ಲಿ ಮೈಕ್ ಮೆಕ್‌ಟೀಗ್ ಎಂಬವನು ಜ್ಯಾಕ್ ಶಾರ್ಕಿಯೊಡನೆ ನಡೆದ ಪಂದ್ಯದಲ್ಲಿ ಮುಂದಿದ್ದರೂ, ಚೂರು ಮುರಿದ ಹಲ್ಲೊಂದು ತುಟಿಯನ್ನು ಆಳವಾಗಿ ಸೀಳಿದ್ದರಿಂದ ಸೋಲನ್ನೊಪ್ಪಬೇಕಾಯಿತು. ಆ ಬಳಿಕ ನ್ಯೂಯಾರ್ಕ್ ಸಂಸ್ಥಾನದಲ್ಲಿ ಮುಷ್ಟಿಯೋಧರಿಗೆ ದಂತಕವಚ ಧರಿಸಲು ಅನುಮತಿ ದೊರೆಯಿತು. ೧೯೩೦ರಲ್ಲಿ ಅಲ್ಲಿನ ದಂತವೈದ್ಯನೂ ಮುಷ್ಟಿಯುದ್ಧದ ತನಿಖಾಧಿಕಾರಿಯೂ ಆಗಿದ್ದ ಕ್ಲಿಯರೆನ್ಸ್ ಮೇಯರ್, ಹಲ್ಲಿನ ಅಚ್ಚು ತೆಗೆದು ಮೇಣ ಮತ್ತು ರಬ್ಬರಿನಿಂದ ಆಯಾ ವ್ಯಕ್ತಿಗೆ ಹೊಂದುವ ಕವಚವನ್ನು ಮಾಡುವ ಕ್ರಮವನ್ನು ವಿವರಿಸಿದನು. ಇಲ್ಲಿಂದ ಮುಂದೆ ದಂತಕವಚ ಶಾಸ್ತ್ರದ ವಸ್ತುವಾಯಿತು.

೩

ಎರಡನೆಯ ಮಹಾಯುದ್ಧದ ತರುವಾಯ ಪ್ರಶ್ನೆಯು ಮುಷ್ಟಿಯುದ್ಧದ ಕಣದಿಂದ ಅಮೆರಿಕದ ಫುಟ್‌ಬಾಲ್ ಮೈದಾನಕ್ಕೆ ವರ್ಗವಾಯಿತು. ಕಾಲಿನಿಂದ ಒದೆಯುವ ನಮ್ಮ ಫುಟ್‌ಬಾಲಿಗಿಂತ ಅದು ಬೇರೆ; ಮೈಗೆ ಮೈ ಅಪ್ಪಳಿಸುವ ಆಟ. ಶಾಲೆ ಕಾಲೇಜುಗಳ ಹುಡುಗರು ಸಾವಿರಗಟ್ಟಲೆಯಾಗಿ ಆಡುತ್ತಿದ್ದುದರಿಂದ ಮುರಿದ ಹಲ್ಲುಗಳ ಸಂಖ್ಯೆಯೂ ಹಾಗೆಯೇ ಇದ್ದಿತು. ೧೯೪೭ರಲ್ಲಿ ಲಾಸ್ ಏಂಜಲಿಸಿನ ದಂತವೈದ್ಯ ರಾಡ್ನಿ ಲಿಲಿಕ್ವಿಸ್ಟ್ ಪಾರದರ್ಶಕವಾದ ಅಕ್ರಿಲಿಕ್ ರಾಳದಿಂದ ತೆಳ್ಳನೆಯ ಕವಚವೊಂದನ್ನು ಮಾಡಿದನು. ಬಾಯಿ ತುಂಬುವ ರಬ್ಬರಿಗಿಂತ ಅದು ಧರಿಸಲು ಹಿತವಾಗಿದ್ದಿತು. ಆದರೆ ಗಟ್ಟಿಯಾದ ವಸ್ತು. ಗಟ್ಟಿ ಕವಚ ಒಳ್ಳೆಯದೋ ಮೆತ್ತನೆಯ ಕವಚ ಒಳ್ಳೆಯದೋ ಎಂಬ ವಿಚಾರಕ್ಕೆ ಹೀಗೆ ಆಸ್ಪದವಾಯಿತು. ಇದಕ್ಕೆ ಉತ್ತರ ಕಣ್ಣಿಗೆ ಕಾಣುವಂಥದಲ್ಲ, ಅಳೆದೇ ತಿಳಿಯಬೇಕು.

ಅಮೆರಿಕದ ದಂತವೈದ್ಯ ಸಂಘವು ೧೯೬೦ರಲ್ಲಿ ಎಲ್ಲ ಸಂಘರ್ಷದ ಆಟಗಳಿಗೂ ಲ್ಯಾಟೆಕ್ಸ್ ರಬ್ಬರಿನ ಕವಚವನ್ನು ಶಿಫಾರಸು ಮಾಡಿತು. ೧೯೬೨ರಲ್ಲಿ ಪ್ರೌಢಶಾಲೆಗಳ ಫುಟ್‌ಬಾಲಿಗೆ ಅದು ಕಡ್ಡಾಯವಾಯಿತು; ೧೯೭೩ರಲ್ಲಿ ಕಾಲೇಜುಗಳ ಕ್ರೀಡಾಮಂಡಲಿಯೂ ಅದೇ ನಿಯಮವನ್ನು ಅಂಗೀಕರಿಸಿತು. ಕಡ್ಡಾಯವೆಂದ ಮೇಲೆ ಮಾರುಕಟ್ಟೆ ಹುಟ್ಟಿತು. ಮಾರುಕಟ್ಟೆ ಹುಟ್ಟಿದ ಮೇಲೆ ವಸ್ತುಗಳ ನಡುವೆ ಸ್ಪರ್ಧೆ ಹುಟ್ಟಿತು. ಲ್ಯಾಟೆಕ್ಸ್, ಸಿಲಿಕೋನ್, ಪಾಲಿಯುರಿಥೇನ್, ಪಾಲಿವಿನೈಲ್ ಕ್ಲೋರೈಡ್, ಇವೆಲ್ಲಕ್ಕಿಂತ ಹೆಚ್ಚಾಗಿ ಎಥಿಲೀನ್ ವಿನೈಲ್ ಅಸಿಟೇಟ್ ಎಂಬ ಸಂಯುಕ್ತ, ಹೀಗೆ ಅನೇಕ ದ್ರವ್ಯಗಳು ಬಂದವು. ಕೊನೆಯದನ್ನು ಅದರ ಆದ್ಯಕ್ಷರಗಳಿಂದ ಇ.ವಿ.ಎ. ಎಂದು ಕರೆಯುವುದು ರೂಢಿ. ಬಿಸಿಮಾಡಿದರೆ ಸುಲಭವಾಗಿ ಮೆತ್ತಗಾಗಿ ಹಲ್ಲಿನ ಅಚ್ಚಿನ ಮೇಲೆ ಕೂರುವ ಗುಣದಿಂದ ಅದು ಮಿಕ್ಕವನ್ನು ಹಿಂದೆ ಹಾಕಿತು.

ಈ ದ್ರವ್ಯಗಳನ್ನು ಪ್ರಯೋಗಶಾಲೆಯಲ್ಲಿ ಕ್ರಮಬದ್ಧವಾಗಿ ಪರೀಕ್ಷಿಸಿದವರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ರಾಬರ್ಟ್ ಕ್ರೇಗ್ ಮತ್ತು ವಿಲಿಯಂ ಗಾಡ್ವಿನ್ ಇವರು ಗಣ್ಯರು. ೧೯೬೭ರಲ್ಲಿ ಅವರು ಕವಚದ ಸಾಮಗ್ರಿಗಳ ಭೌತಿಕ ಗುಣಗಳನ್ನು ಪ್ರಕಟಿಸಿದರು. ಮರುವರ್ಷ ಕವಚವನ್ನು ದಾಟಿ ಹಲ್ಲಿಗೆ ತಲಪುವ ಒತ್ತಡವನ್ನು ಕುರಿತು ಬರೆದರು. ೧೯೭೪ರಲ್ಲಿ ಗೋಯಿಂಗ್, ಲೋಮನ್, ಚಾನ್ ಎಂಬವರು ಇಂಥದೇ ತುಲನಾತ್ಮಕ ಅಧ್ಯಯನವನ್ನು ಮುಂದುವರಿಸಿದರು. ಮಿಷಿಗನ್ನಿನವರ ಪ್ರಶ್ನೆಯ ರೂಪವೇ ಅರ್ಥಪೂರ್ಣವಾದದ್ದು. 'ಪೊರೆ ಎಷ್ಟನ್ನು ಹೀರಿತು' ಎನ್ನುವುದಕ್ಕಿಂತ 'ಪೊರೆಯನ್ನು ದಾಟಿ ಎಷ್ಟು ಬಂದಿತು' ಎಂಬುದು ಹಲ್ಲಿನ ಕಡೆಯಿಂದ ಕೇಳಿದ ಪ್ರಶ್ನೆ. ಮುರಿಯುವುದು ಹಲ್ಲಾದ್ದರಿಂದ ನ್ಯಾಯವಾದ ಪ್ರಶ್ನೆಯೂ ಇದೇ.

೪

ಮುಂದಿನ ಕಥೆ ತಿಳಿಯಬೇಕಾದರೆ ಪೆಟ್ಟೆಂಬುದರ ಸ್ವರೂಪವನ್ನು ಸ್ವಲ್ಪ ವಿವೇಚಿಸುವುದು ಅವಶ್ಯಕ. ಚಲಿಸುವ ವಸ್ತುವಿನಲ್ಲಿ ಶಕ್ತಿಯಿರುತ್ತದೆ. ಅದು ನಿಲ್ಲಬೇಕಾದರೆ ಆ ಶಕ್ತಿಯು ಎಲ್ಲಿಯಾದರೂ ವ್ಯಯವಾಗಬೇಕು. ನಿಲ್ಲಲು ದೊರೆಯುವ ದೂರ ಹೆಚ್ಚಾದಷ್ಟೂ ಬಲ ಕಡಮೆ. ಅಟ್ಟದಿಂದ ಹುಲ್ಲಿನ ಬಣವೆಯ ಮೇಲೆ ಬಿದ್ದವನು ಎದ್ದು ನಡೆಯುತ್ತಾನೆ. ಅಂಗಳದ ಚಪ್ಪಡಿಯ ಮೇಲೆ ಬಿದ್ದವನ ಕಾಲು ಮುರಿಯುತ್ತದೆ. ಬಿದ್ದ ಎತ್ತರ ಒಂದೇ, ಶಕ್ತಿ ಒಂದೇ. ನಿಲ್ಲಲು ದೊರೆತ ದೂರ ಮಾತ್ರ ಬೇರೆ. ದಂತಕವಚವು ಹಲ್ಲಿನ ಮುಂದೆ ಒಡ್ಡಿದ ಸಣ್ಣ ಬಣವೆ.

ಒಂದು ಲೆಕ್ಕವನ್ನು ನೋಡೋಣ. ಹೆಚ್ಚುಕಡಮೆ ಒಂದು ಕಿಲೋಗ್ರಾಂ ತೂಕದ ವಸ್ತುವು ಸೆಕೆಂಡಿಗೆ ೩ ಮೀಟರ್ ವೇಗದಲ್ಲಿ ಬಂದರೆ ಅದರ ಶಕ್ತಿ ಸುಮಾರು ೪.೪ ಜೂಲ್. ಪೊರೆಯು ೧ ಮಿಲಿಮೀಟರ್ ತಗ್ಗಿ ಅದನ್ನು ನಿಲ್ಲಿಸಿದರೆ ಸರಾಸರಿ ಬಲ ೪,೪೦೦ ನ್ಯೂಟನ್. ೨ ಮಿಲಿಮೀಟರ್ ತಗ್ಗಿ ನಿಲ್ಲಿಸಿದರೆ ೨,೨೦೦ ನ್ಯೂಟನ್. ಒಂದೇ ಮಿಲಿಮೀಟರಿನ ಅಂತರ ಬಲವನ್ನು ಅರ್ಧಕ್ಕಿಳಿಸಿತು. ಕ್ಷಣಮಾತ್ರ ಏರುವ ಗರಿಷ್ಠಬಲವು ಈ ಸರಾಸರಿಗಿಂತ ಹೆಚ್ಚೇ ಇರುತ್ತದೆ. ಹಲ್ಲನ್ನು ಮುರಿಯುವುದು ಆ ಗರಿಷ್ಠವೇ. ಪೊರೆ ಮಿತಿಮೀರಿ ಮೆತ್ತಗಿದ್ದರೆ ಪೆಟ್ಟಿಗೆ ಪೂರ್ತಿ ಅದುಮಿಹೋಗಿ, ಉಳಿದ ಪೆಟ್ಟು ನೇರವಾಗಿ ಹಲ್ಲಿಗೆ ಬೀಳುತ್ತದೆ. ಮಿತಿಮೀರಿ ಗಟ್ಟಿಯಾಗಿದ್ದರೆ ತಗ್ಗುವುದೇ ಇಲ್ಲ. ಇವೆರಡರ ನಡುವೆ ದಾರಿ ಹುಡುಕುವುದೇ ಪರೀಕ್ಷಕರ ಕೆಲಸವಾಯಿತು.

ಈ ಕೆಲಸಕ್ಕೆ ಬಳಕೆಗೆ ಬಂದ ಯಂತ್ರಗಳು ಸರಳವಾದವು. ಒಂದರಲ್ಲಿ ಗೊತ್ತಾದ ಎತ್ತರದಿಂದ ಉಕ್ಕಿನ ಗುಂಡನ್ನು ಪೊರೆಯ ತುಂಡಿನ ಮೇಲೆ ಬೀಳಿಸುತ್ತಾರೆ. ಇನ್ನೊಂದರಲ್ಲಿ ಗಡಿಯಾರದ ಲೋಲಕದಂತೆ ತೂಗುವ ಭಾರವನ್ನು ಎಳೆದು ಬಿಡುತ್ತಾರೆ. ಪೊರೆಯ ಹಿಂದೆ ಅಳೆಯುವ ಉಪಕರಣವಿರುತ್ತದೆ. ಪೊರೆಯಿಲ್ಲದೆ ಒಮ್ಮೆ, ಪೊರೆಯಿಟ್ಟು ಒಮ್ಮೆ ಹೊಡೆದು ಎರಡು ಅಂಕಿಗಳನ್ನು ಹೋಲಿಸಿದರೆ ಶೇಕಡಾಂಶ ಸಿದ್ಧ. ನೋಡಲು ಇದಕ್ಕಿಂತ ನಿಷ್ಕಪಟವಾದ ಪರೀಕ್ಷೆ ಇನ್ನೊಂದಿಲ್ಲ.

೫

ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಲ್ಲಿ ವೆಸ್ಟರ್‌ಮನ್, ಸ್ಟ್ರಿಂಗ್‌ಫೆಲೋ, ಎಕ್ಲ್‌ಸ್ಟನ್ ಎಂಬ ಮೂವರು ೧೯೯೦ರ ದಶಕದಿಂದ ಇಂಥ ಲೋಲಕಯಂತ್ರದ ಸಹಾಯದಿಂದ ಇ.ವಿ.ಎ. ಹಾಳೆಗಳನ್ನು ಪರೀಕ್ಷಿಸಿದರು. ಅವರ ಪೆಟ್ಟಿನ ಶಕ್ತಿ ೪.೪ ಜೂಲ್, ವೇಗ ಸೆಕೆಂಡಿಗೆ ೩ ಮೀಟರ್. ಮೇಲಿನ ಲೆಕ್ಕದಲ್ಲಿ ತೆಗೆದುಕೊಂಡದ್ದು ಇದನ್ನೇ. ೧ ಮಿಲಿಮೀಟರಿನಿಂದ ೬ ಮಿಲಿಮೀಟರಿನವರೆಗಿನ ದಪ್ಪಗಳನ್ನು ಹೋಲಿಸಿ ೨೦೦೨ರಲ್ಲಿ ಅವರು ಪ್ರಕಟಿಸಿದ ನಿರ್ಣಯ ಸ್ಪಷ್ಟವಾಗಿದ್ದಿತು: ದಪ್ಪ ಹೆಚ್ಚಿದಂತೆ ದಾಟಿಬರುವ ಬಲ ತಗ್ಗುತ್ತದೆ, ಆದರೆ ೪ ಮಿಲಿಮೀಟರನ್ನು ಮೀರಿದ ಬಳಿಕ ದೊರೆಯುವ ಲಾಭ ಅತ್ಯಲ್ಪ. ಇದಕ್ಕಿಂತ ದಪ್ಪನಾದದ್ದನ್ನು ಆಟಗಾರನು ಬಾಯಲ್ಲಿಟ್ಟುಕೊಂಡು ಉಸಿರಾಡುವುದೂ ಮಾತಾಡುವುದೂ ಪ್ರಯಾಸಕರ. ಆದ್ದರಿಂದ ೪ ಮಿಲಿಮೀಟರ್ ಎಂಬುದು ಉಪಯೋಗಕ್ಕೂ ಹಿತಕ್ಕೂ ಮಧ್ಯದ ಒಪ್ಪಂದವೆನಿಸಿತು.

ಅದೇ ಮೂವರು ಹಾಳೆಯೊಳಗೆ ಕ್ರಮವಾಗಿ ಗಾಳಿಯ ಗೂಡುಗಳನ್ನು ಬಿಟ್ಟು ನೋಡಿದರು. ದಪ್ಪ ೪ ಮಿಲಿಮೀಟರೇ. ಆದರೂ ದಾಟಿಬರುವ ಬಲ ಸಾಮಾನ್ಯ ಹಾಳೆಗಿಂತ ಶೇಕಡಾ ೩೨ರಷ್ಟು ಇಳಿಯಿತು. ಪದರಗಳ ನಡುವೆ ಗಟ್ಟಿಯಾದ ತಗಡನ್ನು ಸೇರಿಸಿದರೆ ರಕ್ಷಣೆ ಹೆಚ್ಚುವುದೆಂಬ ನಂಬಿಕೆಯೊಂದಿದ್ದಿತು. ೨೦೦೦ದಲ್ಲಿ ಅವರು ನಡೆಸಿದ ಪರೀಕ್ಷೆಯಲ್ಲಿ ಅದು ಶಕ್ತಿಯನ್ನು ಹೀರುವ ಗುಣವನ್ನು ಕುಂದಿಸಿತೆಂದೇ ಕಂಡಿತು. ಆದರೆ ಕೆಲವು ವರ್ಷಗಳ ಬಳಿಕ ಟೋಕಿಯೋ ದಂತವೈದ್ಯ ಕಾಲೇಜಿನ ತಕೆದಾ ಮತ್ತು ಸಹೋದ್ಯೋಗಿಗಳು, ಗಟ್ಟಿಯಾದ ಪದರವನ್ನು ಇಟ್ಟು ಅದರ ಹಿಂದೆ ಹಲ್ಲಿಗೆ ತಾಗದಂತೆ ಸಣ್ಣ ತೆರಪನ್ನು ಬಿಟ್ಟರೆ ಪರಿಣಾಮ ಉತ್ತಮವಾಗುವುದೆಂದು ತೋರಿಸಿದರು. ಈ ಎರಡು ಫಲಿತಾಂಶಗಳಲ್ಲಿ ವಿರೋಧವಿಲ್ಲ. ಗಟ್ಟಿ ಪದರವು ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಅದನ್ನು ಎಲ್ಲಿ ಹೇಗೆ ಇರಿಸಿದೆ ಎಂಬುದರಿಂದ ಅದರ ಗುಣ ನಿರ್ಧಾರವಾಗುತ್ತದೆ.

ಟೋಕಿಯೋ ಪ್ರಯೋಗಗಳಲ್ಲಿ ಇದಕ್ಕಿಂತಲೂ ಮುಖ್ಯವಾದದ್ದು ೨೦೦೪ರ ಒಂದು ಸಂಶೋಧನೆ. ಬೇರೆ ಬೇರೆ ಪ್ರಯೋಗಶಾಲೆಗಳು ಪ್ರಕಟಿಸಿದ ಶೇಕಡಾಂಶಗಳಲ್ಲಿ ಅಗಾಧವಾದ ವ್ಯತ್ಯಾಸವಿದ್ದುದನ್ನು ಕಂಡು, ದೋಷವು ಅಳೆಯುವ ಉಪಕರಣದಲ್ಲಿಯೇ ಇರಬಹುದೇ ಎಂದು ಅವರು ಸಂಶಯಿಸಿದರು. ಮೂರು ಉಪಕರಣಗಳನ್ನು ಅವರು ಹೋಲಿಸಿದರು. ಮೊದಲನೆಯದು ಸ್ಟ್ರೇನ್ ಗೇಜ್. ತಾನು ಅಂಟಿಕೊಂಡ ಜಾಗವು ಎಷ್ಟು ಹಿಗ್ಗಿತು ಅಥವಾ ಕುಗ್ಗಿತು ಎಂಬುದನ್ನು ಹೇಳುತ್ತದೆ. ಎರಡನೆಯದು ವೇಗೋತ್ಕರ್ಷಮಾಪಕ, ಪೆಟ್ಟು ತಿಂದ ವಸ್ತುವಿನ ವೇಗ ಎಷ್ಟು ಹಠಾತ್ತಾಗಿ ಬದಲಾಯಿತೆಂದು ಹೇಳುತ್ತದೆ. ಮೂರನೆಯದು ಲೋಡ್ ಸೆಲ್. ಬಂದು ತಲಪಿದ ಒಟ್ಟು ಬಲವನ್ನು ತೂಗುತ್ತದೆ.

ಫಲಿತಾಂಶ ಹೀಗಿದ್ದಿತು. ಉಕ್ಕಿನ ಗುಂಡಿನಿಂದ ಹೊಡೆದಾಗ ಸ್ಟ್ರೇನ್ ಗೇಜಿನ ಪ್ರಕಾರ ಪೊರೆ ಹೀರಿದ್ದು ಶೇಕಡಾ ೮೦.೩, ಲೋಡ್ ಸೆಲ್ಲಿನ ಪ್ರಕಾರ ೬೨.೧. ಮರದ ಬ್ಯಾಟಿನಿಂದ ಹೊಡೆದಾಗ ೭೬.೩ ಮತ್ತು ೩೮.೮. ಬೇಸ್‌ಬಾಲ್ ಚೆಂಡಿನಿಂದ ಹೊಡೆದಾಗ ೪೬.೩ ಮತ್ತು ೪.೩೬. ಹಾಕಿ ಚೆಂಡಿನಿಂದ ಹೊಡೆದಾಗ ೨೩.೬ ಮತ್ತು ೨.೪೩. ಪರೀಕ್ಷೆಗೆ ಗುರಿಯಾದ ಸಾಮಗ್ರಿ ಅದೇ. ಆದರೂ ಒಂದು ಕೊನೆಯಲ್ಲಿ ಅದು ಐದರಲ್ಲಿ ನಾಲ್ಕು ಪಾಲು ಪೆಟ್ಟನ್ನು ನುಂಗುವ ಶೂರ. ಇನ್ನೊಂದು ಕೊನೆಯಲ್ಲಿ ನಲವತ್ತರಲ್ಲಿ ಒಂದು ಪಾಲನ್ನೂ ತಡೆಯಲಾರದ ದುರ್ಬಲ.

ಇದನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ದಂತಕವಚದ ಒಂದು ಕೆಲಸ ಪೆಟ್ಟನ್ನು ಹೀರುವುದು. ಇನ್ನೊಂದು, ಒಂದೇ ಹಲ್ಲಿನ ಮೇಲೆ ಬೀಳಬೇಕಾದುದನ್ನು ಅಕ್ಕಪಕ್ಕದ ಹಲ್ಲುಗಳಿಗೆ ಹಂಚುವುದು. ಹಂಚಿದಾಗ ಒಂದು ಜಾಗದ ಕಷ್ಟ ಕಡಮೆಯಾಗುತ್ತದೆ, ಒಟ್ಟು ಭಾರ ಹೆಚ್ಚುಕಡಮೆ ಹಾಗೆಯೇ ಉಳಿಯುತ್ತದೆ. ಜಾಗವನ್ನು ನೋಡುವ ಉಪಕರಣ ಪೊರೆಯನ್ನು ಹೊಗಳುತ್ತದೆ. ಒಟ್ಟನ್ನು ನೋಡುವ ಉಪಕರಣ ಹೊಗಳುವುದಿಲ್ಲ. ಎರಡೂ ಸುಳ್ಳು ಹೇಳುತ್ತಿಲ್ಲ. ಹಾಗೆಯೇ ಉಕ್ಕಿನ ಗುಂಡು ಸ್ವಲ್ಪವೂ ತಗ್ಗದ ವಸ್ತುವಾದ್ದರಿಂದ ತಗ್ಗುವ ಕೆಲಸವೆಲ್ಲ ಪೊರೆಯ ಪಾಲಿಗೆ ಬರುತ್ತದೆ. ಆಟದ ಚೆಂಡು ತಾನೂ ಅಲ್ಪಸ್ವಲ್ಪ ತಗ್ಗುವುದರಿಂದ ಪೊರೆಗೆ ಉಳಿಯುವ ಕೆಲಸ ಕಡಮೆ. ಮೆಟ್ರಿಕ್ ಪದ್ಧತಿ ಬರುವ ಮುನ್ನ ನಮ್ಮ ನಾಡಿನಲ್ಲಿ ಒಂದೂರಿನ ಸೇರು ಇನ್ನೊಂದೂರಿನ ಸೇರಾಗಿರಲಿಲ್ಲ. ಹತ್ತು ಸೇರು ಅಕ್ಕಿ ಎಂದಾಗ ಯಾವ ಊರಿನ ಸೇರೆಂದು ಕೇಳುವುದು ವ್ಯವಹಾರಜ್ಞಾನ. ಶೇಕಡಾ ಎಂಬತ್ತು ಎಂದಾಗಲೂ ಕೇಳಬೇಕಾದುದು ಇದನ್ನೇ.

೬

ಪರೀಕ್ಷೆಯ ಮೇಜಿಗೂ ಆಟಗಾರನ ಬಾಯಿಗೂ ಇರುವ ದೂರ ಇಷ್ಟಕ್ಕೇ ಮುಗಿಯುವುದಿಲ್ಲ. ಮೇಜಿನ ಮೇಲೆ ಇಡುವುದು ಸಮದಪ್ಪದ ಹಾಳೆ; ಬಾಯಿಗೆ ಹೋಗುವುದು ಅದನ್ನು ಕಾಯಿಸಿ ಹಿಗ್ಗಿಸಿ ಮಾಡಿದ ಕವಚ. ಹೆಚ್ಚು ಜನ ಕೊಳ್ಳುವುದು, ಬಿಸಿನೀರಿನಲ್ಲಿ ಅದ್ದಿ ಬಾಯಿಗಿಟ್ಟು ಕಚ್ಚಿ ಕೂರಿಸಿಕೊಳ್ಳುವ ಅಗ್ಗದ ಬಗೆಯನ್ನು. ಹೀಗೆ ಕಚ್ಚುವಾಗ ಹಲ್ಲುಗಳು ಸಂಧಿಸುವ ಭಾಗದಲ್ಲಿ ಅದರ ದಪ್ಪವು ಶೇಕಡಾ ೭೦ರಿಂದ ೯೯ರವರೆಗೆ ಕರಗಿಹೋಗುವುದುಂಟೆಂದು ೧೯೯೪ರಲ್ಲಿ ಪಾರ್ಕ್ ಮತ್ತು ಸಂಗಡಿಗರು ಅಳೆದು ತೋರಿಸಿದರು. ೪ ಮಿಲಿಮೀಟರಿನ ಹಾಳೆಯನ್ನು ಪರೀಕ್ಷಿಸಿ ಬರೆದ ಅಂಕಿಯು, ಬಾಯೊಳಗೆ ಕಾಗದದಷ್ಟು ತೆಳುವಾಗಿಬಿಟ್ಟ ವಸ್ತುವಿಗೆ ಹೇಗೆ ಅನ್ವಯಿಸೀತು?

ಪೆಟ್ಟಿನ ಪ್ರಮಾಣವನ್ನೂ ಹೋಲಿಸಬೇಕು. ಹಾಕಿ ಚೆಂಡಿನ ತೂಕ ೧೫೬ರಿಂದ ೧೬೩ ಗ್ರಾಂ. ಕ್ರಿಕೆಟ್ ಚೆಂಡಿನದೂ ಹೆಚ್ಚುಕಡಮೆ ಅಷ್ಟೇ. ಇಂಥ ಚೆಂಡು ಸೆಕೆಂಡಿಗೆ ೩೦ ಮೀಟರ್, ಎಂದರೆ ಗಂಟೆಗೆ ೧೦೮ ಕಿಲೋಮೀಟರ್ ವೇಗದಲ್ಲಿ ಬಂದರೆ ಅದರ ಶಕ್ತಿ ಸುಮಾರು ೭೨ ಜೂಲ್. ಲೋಲಕದ ೪.೪ ಜೂಲಿಗೆ ಇದು ಹದಿನಾರು ಪಟ್ಟು. ೨೦೦೨ರಲ್ಲಿ ಆಂಟಿಗುವಾದಲ್ಲಿ ವೇಗದ ಚೆಂಡೊಂದು ಬೆಂಗಳೂರಿನ ಅನಿಲ್ ಕುಂಬ್ಳೆಯವರ ದವಡೆಯನ್ನು ಮುರಿದುದನ್ನೂ, ಅವರು ಮುಖಕ್ಕೆ ಪಟ್ಟಿ ಸುತ್ತಿಕೊಂಡು ಬಂದು ಬೌಲ್ ಮಾಡಿದುದನ್ನೂ ವಾಚಕರು ಮರೆತಿರಲಾರರು. ಆ ಬಗೆಯ ಪೆಟ್ಟಿನ ಮುಂದೆ ನಾಲ್ಕು ಮಿಲಿಮೀಟರ್ ಪೊರೆಯಿಂದ ಏನೆಲ್ಲವನ್ನು ನಿರೀಕ್ಷಿಸಬಹುದು ಎಂಬುದನ್ನು ಮೇಜಿನ ಮೇಲಿನ ಶೇಕಡಾಂಶ ಹೇಳಲಾರದು.

ಅಂಕಿಯನ್ನು ಅದರ ಎಲ್ಲೆ ಮೀರಿ ಎಳೆದುದಕ್ಕೆ ಇನ್ನೂ ಗಂಭೀರವಾದ ಉದಾಹರಣೆಯಿದೆ. ೧೯೬೪ರಲ್ಲಿ ಸ್ಟೆಂಗರ್ ಮತ್ತು ಸಹೋದ್ಯೋಗಿಗಳು ನೋತ್ರ್ ದಾಮ್ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ಆಟಗಾರರನ್ನು ಪರಿಶೀಲಿಸಿ, ದಂತಕವಚವು ತಲೆ ಮತ್ತು ಕತ್ತಿಗೆ ಬೀಳುವ ಆಘಾತವನ್ನೂ ತಗ್ಗಿಸುವುದೆಂದು ಬರೆದರು. ೧೯೬೭ರಲ್ಲಿ ಹಿಕ್ಕಿ ಮತ್ತು ಸಂಗಡಿಗರು ಒಂದು ಮೃತದೇಹದ ಗದ್ದಕ್ಕೆ ಪೆಟ್ಟು ಕೊಟ್ಟು, ಕವಚವಿದ್ದಾಗ ತಲೆಬುರುಡೆಯೊಳಗಿನ ಒತ್ತಡ ತಗ್ಗಿತೆಂದು ಕಂಡರು. ಇಷ್ಟು ಸಣ್ಣ ತಳಹದಿಯ ಮೇಲೆ, ದಂತಕವಚವು ಮಿದುಳಿನ ಆಘಾತವನ್ನು ತಡೆಯುತ್ತದೆಂಬ ನಂಬಿಕೆ ದಶಕಗಳ ಕಾಲ ಬೆಳೆಯಿತು. ಹಲ್ಲಿನ ಮುಂದೆ ಪೆಟ್ಟನ್ನು ತಗ್ಗಿಸುವ ಪೊರೆ, ತಲೆಯೊಳಗೂ ಹಾಗೆಯೇ ತಗ್ಗಿಸಬೇಕೆಂದು ಊಹಿಸುವುದು ಸುಲಭ. ಆದರೆ ತಲೆಯೇ ಹಠಾತ್ತಾಗಿ ತಿರುಗಿದಾಗ ಮಿದುಳಿಗೆ ಆಗುವ ಘಾಸಿಗೂ ಹಲ್ಲಿಗೂ ಸಂಬಂಧವಿರಬೇಕಾದುದೇನೂ ಇಲ್ಲ.

ಈ ಗೊಂದಲವನ್ನು ಬಿಡಿಸಿದ್ದು ಮೈದಾನದ ಎಣಿಕೆ. ೨೦೦೭ರಲ್ಲಿ ನ್ಯಾಪಿಕ್ ಮೊದಲಾದವರು ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕವಚ ಧರಿಸದವರಿಗೆ ಬಾಯಿ ಮತ್ತು ಮುಖದ ಗಾಯದ ಅಪಾಯವು ಧರಿಸಿದವರಿಗಿಂತ ೧.೬ರಿಂದ ೧.೯ ಪಟ್ಟು ಇದ್ದಿತು. ಮಿದುಳಿನ ಆಘಾತದ ವಿಷಯದಲ್ಲಿ ಮಾತ್ರ ಫಲಿತಾಂಶಗಳು ಒಂದಕ್ಕೊಂದು ಹೊಂದಲಿಲ್ಲ. ಈಚೆಗೆ ಐಸ್ ಹಾಕಿಯಲ್ಲಿ ನಡೆದ ಎಣಿಕೆಗಳು ಸ್ವಲ್ಪ ಆಶಾದಾಯಕವಾಗಿವೆ. ೨೦೨೨ರ ಆಮ್‌ಸ್ಟರ್‌ಡಾಮ್ ಸಮ್ಮೇಳನದ ತಜ್ಞರು ೨೦೨೩ರಲ್ಲಿ ಪ್ರಕಟಿಸಿದ ಹೇಳಿಕೆಯಲ್ಲಿ ಆ ಆಟವನ್ನಾಡುವ ಮಕ್ಕಳಿಗೂ ಕಿಶೋರರಿಗೂ ದಂತಕವಚವನ್ನು ಕಡ್ಡಾಯಪಡಿಸಬೇಕೆಂಬುದನ್ನು ಬೆಂಬಲಿಸಿದರು. ಗಮನಿಸಬೇಕಾದ ಸಂಗತಿಯೆಂದರೆ, ಈ ಅಭಿಪ್ರಾಯ ಬಂದದ್ದು ಲೋಲಕದಿಂದಲ್ಲ. ಆಡಿದವರನ್ನೂ ಗಾಯಗೊಂಡವರನ್ನೂ ತಾಳ್ಮೆಯಿಂದ ಎಣಿಸಿದ್ದರಿಂದ.

ಎಣಿಕೆಯ ಬಲಕ್ಕೆ ನ್ಯೂಜಿಲೆಂಡ್ ಉತ್ತಮ ಸಾಕ್ಷಿ. ಅಲ್ಲಿ ದೇಶೀಯ ರಗ್ಬಿಯಲ್ಲಿ ೧೯೯೭ ಮತ್ತು ೧೯೯೮ರಲ್ಲಿ ದಂತಕವಚವನ್ನು ಹಂತಹಂತವಾಗಿ ಕಡ್ಡಾಯಗೊಳಿಸಿದರು. ಅಪಘಾತದ ಪರಿಹಾರವನ್ನು ಸರಕಾರದ ಸಂಸ್ಥೆಯೊಂದೇ ಕೊಡುವ ದೇಶವಾದ್ದರಿಂದ ಪ್ರತಿ ಮುರಿದ ಹಲ್ಲೂ ಲೆಕ್ಕಕ್ಕೆ ಬರುತ್ತಿದ್ದಿತು. ೧೯೯೫ರಲ್ಲಿ ೨,೬೪೪ ಇದ್ದ ದಂತಪರಿಹಾರದ ಕೋರಿಕೆಗಳ ಸಂಖ್ಯೆ ೨೦೦೩ರ ಹೊತ್ತಿಗೆ ಶೇಕಡಾ ೪೩ರಷ್ಟು ಇಳಿಯಿತು. ಅದೇ ಅವಧಿಯಲ್ಲಿ ಪೊರೆಯ ಸಾಮಗ್ರಿಯಲ್ಲಿ ಪವಾಡವೇನೂ ನಡೆದಿರಲಿಲ್ಲ. ಹೆಚ್ಚಿದ್ದು ಧರಿಸುವವರ ಸಂಖ್ಯೆ. ೧೯೯೩ರಲ್ಲಿ ಶೇಕಡಾ ೬೭ ಇದ್ದ ಬಳಕೆ ೨೦೦೩ರಲ್ಲಿ ೯೩ಕ್ಕೆ ಏರಿದ್ದಿತು. ಮಧ್ಯಮಗುಣದ ಕವಚವಾದರೂ ಸರಿ, ಬಾಯಲ್ಲಿದ್ದರೆ ಹಲ್ಲನ್ನು ಉಳಿಸುತ್ತದೆ. ಅತ್ಯುತ್ತಮವಾದದ್ದು ಚೀಲದಲ್ಲಿದ್ದರೆ ಉಳಿಸುವುದಿಲ್ಲ.

೭

ಈ ಚರಿತ್ರೆಯ ಕೊನೆಯ ಅಧ್ಯಾಯವೂ ಕುತೂಹಲಕರವಾಗಿದೆ. ೨೦೨೪ರ ಆರಂಭದಿಂದ ಅಂತರರಾಷ್ಟ್ರೀಯ ರಗ್ಬಿ ಸಂಸ್ಥೆಯು ಉನ್ನತಮಟ್ಟದ ಪಂದ್ಯಗಳಲ್ಲಿ, ಒಳಗೆ ಸೂಕ್ಷ್ಮವಾದ ವೇಗೋತ್ಕರ್ಷಮಾಪಕವನ್ನು ಅಡಗಿಸಿದ ದಂತಕವಚವನ್ನು ತಲೆಯ ಗಾಯದ ತಪಾಸಣೆಯ ಕ್ರಮದಲ್ಲಿ ಸೇರಿಸಿದೆ. ಮೇಲಿನ ಹಲ್ಲುಗಳು ತಲೆಬುರುಡೆಗೆ ಬಿಗಿಯಾಗಿ ನೆಲೆಗೊಂಡಿರುವುದರಿಂದ, ಅವುಗಳಿಗೆ ಅಂಟಿಕೊಂಡ ಕವಚವು ತಲೆಯ ಚಲನೆಯನ್ನು ಚೆನ್ನಾಗಿ ಗ್ರಹಿಸುತ್ತದೆ. ಒಂದು ಕಾಲಕ್ಕೆ ಪ್ರಯೋಗಶಾಲೆಯ ಮೇಜಿನ ಮೇಲೆ ಅಳೆಯಿಸಿಕೊಳ್ಳುತ್ತಿದ್ದ ವಸ್ತು ಈಗ ಮೈದಾನದಲ್ಲಿ ತಾನೇ ಅಳೆಯತೊಡಗಿದೆ. ಆದರೆ ಈ ಅಂಕಿಗಳ ವಿಷಯದಲ್ಲಿಯೂ ಹಳೆಯ ಎಚ್ಚರಿಕೆ ಸಲ್ಲುತ್ತದೆ. ಅದು ಹೇಳುವುದು ತಲೆ ಹೇಗೆ ಚಲಿಸಿತೆಂಬುದನ್ನು. ಮಿದುಳಿಗೆ ಏನಾಯಿತೆಂಬುದನ್ನು ವೈದ್ಯನೇ ನೋಡಿ ಹೇಳಬೇಕು.

ಕೊಡಗಿನ ಕರಡ ಗ್ರಾಮದಲ್ಲಿ ೧೯೯೭ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವದಲ್ಲಿ ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುವುದುಂಟು. ಮುಂಬಯಿ, ಪುಣೆ, ಚೆನ್ನೈಗಳಲ್ಲಿ ನೆಲಸಿದ ನಮ್ಮವರ ಮಕ್ಕಳೂ ಶಾಲೆಯ ಮೈದಾನಗಳಲ್ಲಿ ಹಾಕಿ ಕೋಲು ಹಿಡಿಯುತ್ತಾರೆ, ಮುಷ್ಟಿಯುದ್ಧದ ಕೈಗವಸು ತೊಡುತ್ತಾರೆ. ಹಾಕಿಯ ಅಂತರರಾಷ್ಟ್ರೀಯ ನಿಯಮಗಳು ದಂತರಕ್ಷಣೆಯನ್ನು ಆಟಗಾರರಿಗೆ ಶಿಫಾರಸು ಮಾಡುತ್ತವೆ, ಕಡ್ಡಾಯಪಡಿಸುವುದಿಲ್ಲ. ಹೀಗಿರುವಾಗ ನಿರ್ಣಯವು ತಂದೆತಾಯಿಗಳ ಮತ್ತು ಉಪಾಧ್ಯಾಯರ ಮೇಲೆ ಬೀಳುತ್ತದೆ. ಹಾಕಿ ಚೆಂಡಿಗೆ ಎದುರಾಗಿ ಪರೀಕ್ಷೆಗಳು ಕೊಟ್ಟ ಅಂಕಿಗಳೇ ಎಲ್ಲಕ್ಕಿಂತ ಕೆಳಗಿದ್ದವೆಂಬುದನ್ನು ಮೇಲೆ ನೋಡಿದೆವು. ಇದರಿಂದ ಕವಚ ವ್ಯರ್ಥವೆಂದು ತಿಳಿಯಬಾರದು; ಪೆಟ್ಟನ್ನು ಹಂಚುವ ಅದರ ಕೆಲಸ ಉಳಿದೇ ಇದೆ. ಕವಚವಿದೆಯೆಂಬ ಧೈರ್ಯದಿಂದ ಚೆಂಡಿಗೆ ಮುಖವೊಡ್ಡಬಾರದೆಂಬುದಷ್ಟೇ ತಾತ್ಪರ್ಯ.

ಒಟ್ಟಿನಲ್ಲಿ, ವುಲ್ಫ್ ಕ್ರೌಸನು ತುಟಿಯ ವಿಷಯವನ್ನು ಕೇಳಿದನು. ಮಿಷಿಗನ್ನಿನವರು ಹಲ್ಲಿಗೆ ತಲಪುವ ಒತ್ತಡವನ್ನು ಕೇಳಿದರು. ಕ್ವೀನ್ಸ್‌ಲೆಂಡಿನವರು ದಪ್ಪವನ್ನು ಕೇಳಿದರು. ಟೋಕಿಯೋದವರು ತಮ್ಮ ಉಪಕರಣವನ್ನೇ ಕೇಳಿದರು. ನ್ಯೂಜಿಲೆಂಡಿನವರು ಎಷ್ಟು ಹಲ್ಲು ಉಳಿಯಿತೆಂದು ಕೇಳಿದರು. ಒಂದೊಂದು ಪ್ರಶ್ನೆಯೂ ತನ್ನ ಮಟ್ಟಿಗೆ ಸರಿಯಾದದ್ದೇ. ಒಂದರ ಉತ್ತರವನ್ನು ಇನ್ನೊಂದರ ಉತ್ತರವೆಂದು ಭ್ರಮಿಸಿದಾಗ ಮಾತ್ರ ಅನರ್ಥ. ಮಗುವಿಗೆ ಕವಚ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಶೇಕಡಾಂಶಕ್ಕಿಂತ ಮೂರು ಸಂಗತಿಗಳನ್ನು ನೋಡುವುದು ಯುಕ್ತ: ಬಾಯಿಗೆ ಕೂತ ಮೇಲೆ ಅದರ ದಪ್ಪ ಎಷ್ಟು ಉಳಿದಿದೆ, ಹಲ್ಲಿಗೆ ಅದು ಸರಿಯಾಗಿ ಹೊಂದಿದೆಯೇ, ಮಗು ಅದನ್ನು ಆಟ ಮುಗಿಯುವವರೆಗೂ ಧರಿಸುತ್ತದೆಯೇ. ಹಾಲುಹಲ್ಲು ಬಿದ್ದರೆ ಪ್ರಕೃತಿ ಇನ್ನೊಂದನ್ನು ಕೊಡುತ್ತದೆ. ಆಮೇಲೆ ಹೋದದ್ದಕ್ಕೆ ಅವಳಲ್ಲಿ ಬದಲಿಲ್ಲ.